ಅಸ್ವಸ್ಥ ಮತ್ತು ಅಂಗವಿಕಲ ಕೋಳಿಮರಿಗಳ ಆರೈಕೆ ಹಾಗೂ ದಯಾಮರಣದ ನಿರ್ಧಾರ

ಹಿತ್ತಲಿನಲ್ಲಿ ಗಿರಿರಾಜ, ಸ್ವರ್ಣಧಾರ ಅಥವಾ ನಾಟಿ ಕೋಳಿಗಳನ್ನು ಸಾಕುವವರಲ್ಲಿ ಆಗಾಗ್ಗೆ ಒಂದೆರಡು ಮರಿಗಳು ದುರ್ಬಲವಾಗಿ ಅಥವಾ ಅಂಗವೈಕಲ್ಯದೊಂದಿಗೆ ಹುಟ್ಟುವುದುಂಟು. ಇಂತಹ ಮರಿಯನ್ನು ನೋಡಿದೊಡನೆ ಕೊಲ್ಲುವುದಾಗಲಿ, ತಾನಾಗಿಯೇ ಸಾಯಲೆಂದು ಮೂಲೆಯಲ್ಲಿ ಬಿಡುವುದಾಗಲಿ ಸರಿಯಲ್ಲ. ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಪ್ರಕರಣ 3ರಂತೆ, ತನ್ನ ವಶದಲ್ಲಿರುವ ಪ್ರಾಣಿಗೆ ಅನಾವಶ್ಯಕ ನೋವಾಗದಂತೆ ನೋಡಿಕೊಳ್ಳುವುದು ಪಾಲಕರ ಕರ್ತವ್ಯವಾಗಿರುತ್ತದೆ.

ಪ್ರಥಮ ಆರೈಕೆ

1. ಮರಿಯನ್ನು ಪ್ರತ್ಯೇಕಿಸಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಅವಶ್ಯಕ. ಮರಿಯು ಶಾಖದಿಂದ ದೂರ ಸರಿಯಲು ಪೆಟ್ಟಿಗೆಯಲ್ಲಿ ಸ್ಥಳವಿರಬೇಕು.

2. ಕೊಕ್ಕಿನ ತುದಿಯನ್ನು ಮಾತ್ರ ನೀರಿಗೆ ತಾಗಿಸಬೇಕು. ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶ ಸೇರುವ ಅಪಾಯವಿದೆ.

3. ಹೊಟ್ಟೆಯೊಳಗೆ ಉಳಿದ ಹಳದಿ ಭಂಡಾರದಿಂದ ಮರಿಗೆ ಎರಡು ಮೂರು ದಿನ ಪೋಷಣೆ ದೊರೆಯುತ್ತದೆ. ಆದುದರಿಂದ ಮೊದಲ ದಿನ ತಿನ್ನದಿದ್ದರೆ ಧೃತಿಗೆಡಬೇಕಾಗಿಲ್ಲ.

4. ಗುದದ್ವಾರಕ್ಕೆ ಹಿಕ್ಕೆ ಅಂಟಿಕೊಂಡಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆದು ಒರೆಸಬೇಕು, ಎಳೆಯಬಾರದು.

ಸಾಮಾನ್ಯ ಅಂಗವೈಕಲ್ಯಗಳು

ಕಾಲು ಅಗಲಿಸುವಿಕೆ: ನುಣುಪಾದ ವೃತ್ತಪತ್ರಿಕೆಯ ಹಾಸು ಇದಕ್ಕೆ ಒಂದು ಕಾರಣ. ಒರಟು ಬಟ್ಟೆ ಹಾಸಿ, ಮೊದಲ ದಿನಗಳಲ್ಲಿಯೇ ಎರಡೂ ಕಾಲುಗಳನ್ನು ಸಹಜ ಅಂತರದಲ್ಲಿ ಮೃದುವಾದ ಪಟ್ಟಿಯಿಂದ ಜೋಡಿಸಿದರೆ ಅನೇಕ ಮರಿಗಳು ಚೇತರಿಸಿಕೊಳ್ಳುತ್ತವೆ.

ಬೆರಳು ಒಳಮಡಚುವಿಕೆ: ರೈಬೋಫ್ಲೇವಿನ್ (ಬಿ2 ಜೀವಸತ್ವ) ಕೊರತೆಯಿಂದ ಬರಬಹುದು. ಬೇಗನೆ ಜೀವಸತ್ವ ನೀಡಿದರೆ ಗುಣವಾಗುವ ಸಂಭವವಿದೆ; ತಡವಾದರೆ ನರಗಳಿಗಾದ ಹಾನಿ ಶಾಶ್ವತವಾಗುತ್ತದೆ.

ಓರೆ ಕೊಕ್ಕು: ಇದು ಸರಿಹೋಗುವುದು ಅಪರೂಪ. ಆದರೂ ಆಳವಾದ ಪಾತ್ರೆಯಲ್ಲಿ ತೇವದ ಆಹಾರವಿಟ್ಟರೆ ಹಲವು ಮರಿಗಳು ಚೆನ್ನಾಗಿ ಬದುಕುತ್ತವೆ. ಇವುಗಳಿಂದ ತಳಿವೃದ್ಧಿ ಮಾಡಬಾರದು.

ನಿರ್ಧಾರ ಕೈಗೊಳ್ಳುವ ಬಗೆ

ಅಂಗವೈಕಲ್ಯ ಒಂದೇ ದಯಾಮರಣಕ್ಕೆ ಕಾರಣವಾಗಲಾರದು. ಮರಿಯು ತಾನಾಗಿ ತಿನ್ನುವುದೇ, ಕುಡಿಯುವುದೇ, ಆಹಾರದವರೆಗೆ ಚಲಿಸುವುದೇ ಎಂಬುದನ್ನು ದಿನವೂ ಗಮನಿಸಿ, ತೂಕ ಬರೆದಿಡಬೇಕು. ಎರಡು ಮೂರು ದಿನಗಳ ಆರೈಕೆಯ ನಂತರವೂ ಸುಧಾರಣೆ ಕಾಣದೆ, ಮರಿ ಸತತವಾಗಿ ಚೀರುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ನಿಶ್ಚೇಷ್ಟಿತವಾಗಿ ಬಿದ್ದಿದ್ದರೆ ಪಶುವೈದ್ಯರ ಅಭಿಪ್ರಾಯ ಪಡೆಯಬೇಕು. ಕರುಳು ಹೊರಬಂದಿರುವಂತಹ ತೀವ್ರ ಸ್ಥಿತಿಯಲ್ಲಿ ಕಾಯಬಾರದು. ಗುಣವಾಗದ ನೋವನ್ನು ಕೊನೆಗಾಣಿಸುವುದೂ ಆರೈಕೆಯ ಭಾಗವೇ ಆಗಿದೆ.

ದಯಾಮರಣವನ್ನು ಪಶುವೈದ್ಯರು ಅಥವಾ ತರಬೇತಿ ಪಡೆದವರು ಮಾತ್ರ ನೆರವೇರಿಸತಕ್ಕದ್ದು. ನೀರಿನಲ್ಲಿ ಮುಳುಗಿಸುವುದು, ಉಸಿರುಗಟ್ಟಿಸುವುದು, ಉಪವಾಸ ಕೆಡವುವುದು ಹಿಂಸೆಯಾಗುತ್ತದೆ. ಮೃತ ಮರಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ನಾಯಿ, ಬೆಕ್ಕುಗಳಿಗೆ ನೀಡಬಾರದು.

ವಿಶೇಷ ಸೂಚನೆ

ಒಮ್ಮೆಲೇ ಹಲವು ಮರಿಗಳು ಸತ್ತರೆ, ಕತ್ತು ತಿರುಚಿಕೊಂಡರೆ ಅಥವಾ ಹಸಿರು ಭೇದಿ ಕಂಡುಬಂದರೆ ಕೊಕ್ಕರೆ ರೋಗ ಅಥವಾ ಹಕ್ಕಿಜ್ವರದ ಶಂಕೆಯಿರುತ್ತದೆ. ಆಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು. ಪಶುವೈದ್ಯಕೀಯ ನೆರವಿಗೆ ಶುಲ್ಕರಹಿತ ದೂರವಾಣಿ 1962 ಅನ್ನು ಸಂಪರ್ಕಿಸಬಹುದಾಗಿದೆ.