ಈಜುವವರ ಚಲನೆಯನ್ನು ಅಳೆಯುವ ಯಂತ್ರ

ಈಜಿನ ಸ್ಪರ್ಧೆಗಳು ಎಷ್ಟು ಸೂಕ್ಷ್ಮವಾದ ಅಂತರದಿಂದ ನಿರ್ಣಯವಾಗುತ್ತವೆಂಬುದಕ್ಕೆ ನಮ್ಮ ಬೆಂಗಳೂರಿನವರೇ ಆದ ಶ್ರೀಹರಿ ನಟರಾಜರ ದೃಷ್ಟಾಂತವನ್ನು ಕೊಡಬಹುದು. 2021ನೆಯ ಇಸವಿ ಜೂನ್ ತಿಂಗಳಲ್ಲಿ ಅವರು ರೋಮ್ ನಗರದಲ್ಲಿ 100 ಮೀಟರು ಬ್ಯಾಕ್‌ಸ್ಟ್ರೋಕ್ ಈಜನ್ನು 53.77 ಸೆಕೆಂಡುಗಳಲ್ಲಿ ಮುಗಿಸಿ, ಟೋಕಿಯೋ ಒಲಿಂಪಿಕ್ಸಿಗೆ ಅರ್ಹರಾದರು. ಅದಕ್ಕೆ ಗೊತ್ತುಮಾಡಿದ್ದ ಕಾಲ 53.85 ಸೆಕೆಂಡು. ಉಳಿದುದು ಸೆಕೆಂಡಿನ ನೂರರಲ್ಲಿ ಎಂಟು ಭಾಗ ಮಾತ್ರ!

ಗಡಿಯಾರವು ಎಷ್ಟು ತಡವಾಯಿತೆಂದು ಹೇಳುವುದೇ ಹೊರತು ಎಲ್ಲಿ ತಡವಾಯಿತೆಂದು ಹೇಳಲಾರದು. ಇದನ್ನರಿಯದೆ ನಾವೇ ಒಮ್ಮೆ ತಪ್ಪು ಮಾಡಿದೆವು. ವಿಜಯನಗರದ ಕಡೆಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ಕೊಳದ ಆಚೆಯ ಗೋಡೆಯವರೆಗೂ ಮುಂದಿದ್ದು, ಹಿಂದಿರುಗುವಾಗ ಪ್ರತಿಸಾರಿಯೂ ಹಿಂದೆ ಬೀಳುತ್ತಿದ್ದಳು. ನಾವು ಸ್ಟಾಪ್‌ವಾಚನ್ನು ನೋಡಿ ಅವಳನ್ನು ಸೋಮಾರಿಯೆಂದು ಗದರಿಸಿದೆವು. ಅವಳು ಈಜನ್ನೇ ಬಿಡುವುದರಲ್ಲಿದ್ದಳು. ಆಗ ಅವಳ ತರಬೇತುದಾರರು ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾದ ಯಂತ್ರವೊಂದನ್ನು ಅವಳ ಸೊಂಟದ ಹಿಂಭಾಗಕ್ಕೆ ಪಟ್ಟಿಯಿಂದ ಕಟ್ಟಿ ಈಜಿಸಿದರು.

ಇಂತಹ ಯಂತ್ರದೊಳಗೆ ಎರಡು ಮಾಪಕಗಳಿರುತ್ತವೆ. ವೇಗದ ಏರಿಳಿತವನ್ನು ಅರಿಯುವುದು ಅಕ್ಸೆಲೆರೋಮೀಟರು. ಶರೀರವು ಹೊರಳುವುದನ್ನು ಅಳೆಯುವುದು ಗೈರೋಸ್ಕೋಪು. ಬಸ್ಸು ಥಟ್ಟನೆ ಹೊರಟರೆ ನಾವು ಹಿಂದಕ್ಕೆ ವಾಲುವೆವಷ್ಟೆ. ಮೊದಲನೆಯ ಮಾಪಕದಲ್ಲಿಯೂ ಅತಿ ಸಣ್ಣ ಸಿಲಿಕಾನ್ ತುಣುಕೊಂದು ಹಾಗೆಯೇ ವಾಲುತ್ತದೆ. ಸೆಕೆಂಡಿಗೆ ಹತ್ತಾರು ಸಾರಿ ಇದನ್ನು ದಾಖಲಿಸಿಟ್ಟುಕೊಂಡರೆ, ಕೈಬೀಸುಗಳೆಷ್ಟು, ಗೋಡೆಯನ್ನು ಒದ್ದದ್ದು ಯಾವಾಗ, ಉಸಿರಿಗಾಗಿ ಮೈ ಎಷ್ಟು ಹೊರಳಿತು ಎಂಬುದೆಲ್ಲವೂ ಗೆರೆಗಳಾಗಿ ಕಾಣುವುದು. ಇಬ್ಬರು ಹುಡುಗಿಯರು 25 ಮೀಟರನ್ನು 20 ಸೆಕೆಂಡಿನಲ್ಲಿಯೇ ಈಜಿದರೂ, ಒಬ್ಬಳು 20 ಬೀಸಿನಲ್ಲಿಯೂ ಮತ್ತೊಬ್ಬಳು 25 ಬೀಸಿನಲ್ಲಿಯೂ ಮುಗಿಸಿರಬಹುದು. ಗಡಿಯಾರಕ್ಕೆ ಇಬ್ಬರೂ ಒಂದೇ. ರೇಡಿಯೋ ಅಲೆಗಳು ನೀರಿನಲ್ಲಿ ದೂರ ಸಾಗಲಾರವಾದ್ದರಿಂದ ಸಾಮಾನ್ಯವಾಗಿ ಈ ಲೆಕ್ಕವನ್ನು ದಡಕ್ಕೆ ಬಂದ ಮೇಲೆ ನೋಡುವರು.

ನಮ್ಮ ಹುಡುಗಿಯ ಗೆರೆಗಳಲ್ಲಿ ಕಂಡದ್ದೇನು? ಕೈಬೀಸಿನ ವೇಗವು ಕಡೆಯವರೆಗೂ ಕುಗ್ಗಿರಲಿಲ್ಲ. ಗೋಡೆಯನ್ನು ಒದೆಯುವಾಗಿನ ಏರು ಮಾತ್ರ ಬಹಳ ತಗ್ಗಾಗಿತ್ತು. ಏಕೆಂಬುದನ್ನು ಯಂತ್ರ ಹೇಳಲಿಲ್ಲ. ತರಬೇತುದಾರರು ಮೆಲ್ಲನೆ ಕೇಳಿದ ಮೇಲೆ, ಉಳುಕಿದ ಬಲಗಾಲು ಇನ್ನೂ ನೋಯುತ್ತಿದೆಯೆಂದು ಅವಳೇ ಹೇಳಿದಳು. ನಾವು ಅದನ್ನು ಕೇಳಿರಲೇ ಇಲ್ಲ.

ಈ ಯಂತ್ರಕ್ಕೂ ಮಿತಿಯುಂಟು. ಇದು ವೇಗವನ್ನು ನೇರವಾಗಿ ಅಳೆಯದು. ಏರಿಳಿತಗಳನ್ನು ಕೂಡಿಸಿ ಲೆಕ್ಕಹಾಕಬೇಕಾದ್ದರಿಂದ ಸಣ್ಣ ತಪ್ಪುಗಳೂ ಸೇರಿಸೇರಿ ದೊಡ್ಡದಾಗುತ್ತವೆ. ಬೆಲೆಯೂ ಎಲ್ಲ ಮನೆಯವರಿಗೆ ಎಟುಕುವಂಥದಲ್ಲ. ಆದ್ದರಿಂದ ಈಗ ನಮ್ಮ ಹುಡುಗಿಯರು ದಡದಲ್ಲಿ ಕುಳಿತು ಜೊತೆಗಾತಿಯ ಕೈಬೀಸುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಗೋಡೆಯ ಬಳಿ ತಿರುಗುವ ಹೊತ್ತನ್ನು ಗುರುತಿಸಲು ಇನ್ನೊಬ್ಬಳ ಕೈಗೆ ಎರಡನೆಯ ಸ್ಟಾಪ್‌ವಾಚನ್ನು ಕೊಟ್ಟಿದ್ದೇವೆ.