ನೀರಿನ ರಿಪೋರ್ಟ್ ಚೆನ್ನಾಗಿದೆ ಸರಿ, ಮೀನಿನ ಮೈಯಲ್ಲೇನಿದೆ?

ಸಿಂಗಸಂದ್ರ, ಬೊಮ್ಮಸಂದ್ರ, ಜಿಗಣಿ ಸುತ್ತಮುತ್ತ ಕೆರೆ ಗುತ್ತಿಗೆ ಹಿಡಿಯಬೇಕು, ಇಲ್ಲಾ ಕೃಷಿ ಹೊಂಡದಲ್ಲಿ ಮೀನು ಬಿಡಬೇಕು ಅಂದ್ಕೊಂಡಿದ್ದೀರಾ? ಹಾಗಾದ್ರೆ ನೀರನ್ನಷ್ಟೇ ಟೆಸ್ಟ್ ಮಾಡಿಸಿ ಸುಮ್ಮನಾಗಬೇಡಿ. ಕಾರ್ಖಾನೆ, ಗ್ಯಾರೇಜು, ಅಪಾರ್ಟ್‌ಮೆಂಟ್‌ಗಳ ಚರಂಡಿ ಹತ್ತಿರ ಇರುವ ಕಡೆ ಒಂದು ಬಾಟಲಿ ನೀರು ಹೇಳೋದು ಆ ದಿನದ ಸ್ಥಿತಿ ಮಾತ್ರ. ಮೀನಿನ ಮೈಯಲ್ಲಿ ತಿಂಗಳುಗಟ್ಟಲೆ ಸೇರಿದ್ದು ಕೂತಿರುತ್ತೆ.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಕೊಳಚೆ ಸೇರಿ ನೀರಲ್ಲಿ ಆಮ್ಲಜನಕ ಕಡಿಮೆಯಾದಾಗ ಹೀಗಾಗುತ್ತೆ. ಅದು ಕಣ್ಣಿಗೆ ಕಾಣುವ ಅಪಾಯ. ವಿಷ ಮೈಯಲ್ಲಿ ಶೇಖರವಾಗೋದು ಹಾಗಲ್ಲ. ಮೀನು ಚೆನ್ನಾಗೇ ಈಜುತ್ತೆ, ತೂಕ ಬರುತ್ತೆ, ಮಾರಾಟವೂ ಆಗುತ್ತೆ.

ತೊಟ್ಟಿಯ ಲೆಕ್ಕ

ವಿಜ್ಞಾನಿಗಳು ಇದಕ್ಕೆ ಬಳಸುವ ಮಾದರಿ ತುಂಬಾ ಸರಳ. ಮೇಲೆ ನಲ್ಲಿ ಬಿಟ್ಟಿರುವ, ತಳದಲ್ಲಿ ತೂತಿರುವ ತೊಟ್ಟಿ ಅಂದ್ಕೊಳ್ಳಿ. ನೀರು ಏರಿದಷ್ಟೂ ತೂತಿಂದ ಜೋರಾಗಿ ಹೋಗುತ್ತೆ. ಒಳಬರುವುದೂ ಹೊರಹೋಗುವುದೂ ಸಮವಾದಾಗ ಮಟ್ಟ ನಿಲ್ಲುತ್ತೆ. ಮೀನಿಗೆ ರಾಸಾಯನಿಕ ಬರೋದು ಕಿವಿರು ಮತ್ತು ಆಹಾರದಿಂದ. ಹೋಗೋದು ಕಿವಿರು, ಮಲ ಮತ್ತು ಯಕೃತ್ತಿನಲ್ಲಿ ಒಡೆದು. ಮೀನು ಬೇಗ ಬೆಳೆದ್ರೆ ಅಷ್ಟೇ ವಿಷ ದೊಡ್ಡ ಮೈಯಲ್ಲಿ ಹಂಚಿಹೋಗಿ ಪ್ರಮಾಣ ಸ್ವಲ್ಪ ಇಳಿಯುತ್ತೆ.

ತಿಳಿಯೋದಕ್ಕೆ ಒಂದು ಉದಾಹರಣೆ ಲೆಕ್ಕ ಹಾಕೋಣ. ಒಂದು ಲೀಟರ್ ನೀರಲ್ಲಿ 1 ಮೈಕ್ರೋಗ್ರಾಂ ರಾಸಾಯನಿಕ ಇದೆ. ಒಂದು ಕೆಜಿ ಮೀನು ದಿನಕ್ಕೆ 200 ಲೀಟರ್ ನೀರಿನಷ್ಟು ರಾಸಾಯನಿಕವನ್ನು, ಅಂದ್ರೆ 200 ಮೈಕ್ರೋಗ್ರಾಂ, ಕಿವಿರಿನಿಂದ ಎಳ್ಕೊಳ್ಳುತ್ತೆ. ಮೈಯಲ್ಲಿರೋದರಲ್ಲಿ ದಿನಕ್ಕೆ ಶೇ. 2 ಮಾತ್ರ ಹೊರಹಾಕುತ್ತೆ. ಆಗ ಮಟ್ಟ ನಿಲ್ಲೋದು 10,000 ಮೈಕ್ರೋಗ್ರಾಂಗೆ, ಅಂದ್ರೆ ಕೆಜಿಗೆ 10 ಮಿಲಿಗ್ರಾಂ. ನೀರಿಗಿಂತ ಹತ್ತು ಸಾವಿರ ಪಟ್ಟು! ಅದರ ಅರ್ಧ ಸುಮಾರು 35 ದಿನದಲ್ಲೇ ತುಂಬುತ್ತೆ, ಐದು ತಿಂಗಳಿಗೆ ಶೇ. 95. ದಿನಕ್ಕೆ ಶೇ. 20 ಹೊರಹೋಗುವ ರಾಸಾಯನಿಕವಾದ್ರೆ ಅದೇ ನೀರಲ್ಲಿ 1 ಮಿಲಿಗ್ರಾಂಗೇ ನಿಲ್ಲುತ್ತೆ. ಹಾಗಾಗಿ ಎಷ್ಟು ಬರುತ್ತೆ ಅನ್ನೋದರ ಜೊತೆಗೆ ಎಷ್ಟು ಬೇಗ ಹೋಗುತ್ತೆ ಅನ್ನೋದೂ ಮುಖ್ಯ.

ಯಾವುದು ಎಲ್ಲಿ ಕೂರುತ್ತೆ?

ಡಿಡಿಟಿ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಇವೆಲ್ಲ ಕೊಬ್ಬಿಗೆ ಅಂಟಿಕೊಳ್ಳುತ್ತವೆ, ಬಹಳ ನಿಧಾನ ಹೋಗುತ್ತವೆ. ಪಾದರಸದ ಮೀಥೈಲ್ ರೂಪ ಮಾಂಸದಲ್ಲೇ ಕೂರುತ್ತೆ. ಚರ್ಮ, ತಲೆ ತೆಗೆದ್ರೂ ಉಪಯೋಗವಿಲ್ಲ. ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಕಿವಿರು, ಯಕೃತ್ತು, ಮೂತ್ರಪಿಂಡ, ಮೂಳೆಯಲ್ಲಿ. ಲೋಹಗಳು ಕುದಿಸಿದ್ರೂ ಹುರಿದ್ರೂ ಹೋಗಲ್ಲ.

ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಇದು ಇನ್ನೂ ಹೆಚ್ಚುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್‌ನಲ್ಲಿ ನುಸಿ ಕೊಲ್ಲಲು 1949, 1954, 1957ರಲ್ಲಿ ಡಿಡಿಟಿಯ ಬಂಧು ಡಿಡಿಡಿ ಹಾಕಿದ್ರು. ನೀರಲ್ಲಿ 0.02 ಪಿಪಿಎಂ ಇದ್ದದ್ದು ಸೂಕ್ಷ್ಮಜೀವಿಗಳಲ್ಲಿ ಸುಮಾರು 5, ಮೀನು ತಿನ್ನುವ ನೀರುಹಕ್ಕಿಗಳ ಕೊಬ್ಬಿನಲ್ಲಿ 1600 ಪಿಪಿಎಂವರೆಗೆ ಸಿಕ್ಕಿತು. ಹಕ್ಕಿಗಳು ಸತ್ತವು.

ನಾವು ಮಾಡಬೇಕಾದ್ದು

- ಹೊಂಡಕ್ಕೆ ಮಳೆನೀರು, ಬೋರ್‌ವೆಲ್ ನೀರು ಮಾತ್ರ ಬಿಡಿ. ಚರಂಡಿ, ರಸ್ತೆ ನೀರು ಸೇರದಂತೆ ಬದು ಹಾಕಿ.
- ಕೆರೆಯಾದ್ರೆ ನೀರಿನ ಜೊತೆ ಹೂಳನ್ನೂ ಟೆಸ್ಟ್ ಮಾಡಿಸಿ. ಲೋಹ ತಳದಲ್ಲಿ ಕೂತಿರುತ್ತೆ. ಮೃಗಾಲ್, ಸಾಮಾನ್ಯ ಗೆಂಡೆ ಅಲ್ಲೇ ಮೇಯುತ್ತವೆ.
- ಮೇಲ್ನೀರಲ್ಲಿ ತಿನ್ನುವ ಕಾಟ್ಲಾ ಬಿಟ್ರೂ ಅಪಾಯ ಪೂರ್ತಿ ತಪ್ಪಲ್ಲ. ಬೇರೆ ಮೀನು ತಿಂದು ಬದುಕುವ, ವಯಸ್ಸಾದ ದೊಡ್ಡ ಮೀನಲ್ಲಿ ಶೇಖರಣೆ ಜಾಸ್ತಿ.
- ಹಿಡಿಯುವ ಮೊದಲು ನಾಲ್ಕೈದು ಮೀನನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಮಾಂಸ, ಯಕೃತ್ತು ಬೇರೆ ಬೇರೆ ನೋಡಿಸಿ. ಎಫ್‌ಎಸ್‌ಎಸ್‌ಎಐ ಮಿತಿಯ ಜೊತೆ ಹೋಲಿಸಿ.
- ಮಾರುವ ಮೊದಲು ಮೀನನ್ನು ಶುದ್ಧ ನೀರಲ್ಲಿ ಎರಡು ದಿನ ಇಟ್ರೆ ಕೆಸರಿನ ವಾಸನೆ ಸ್ವಲ್ಪ ಕಡಿಮೆಯಾಗಬಹುದು. ನಮ್ಮ ಉದಾಹರಣೆಯ ರಾಸಾಯನಿಕ ಅರ್ಧಕ್ಕೆ ಇಳಿಯೋಕೇ 35 ದಿನ ಬೇಕು.

ಕಾರ್ಖಾನೆ ಚರಂಡಿ ನೇರ ಸೇರುವ ಕೆರೆಯಾದ್ರೆ, ಗುತ್ತಿಗೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಆ ಮೀನನ್ನು ಮೊದಲು ತಿನ್ನೋರು ನಿಮ್ಮ ಮನೆಯವರೇ.