ತರುಣರನ್ನು ತೂಗುವ ತಕ್ಕಡಿ

ಬಂಗಾರವನ್ನು ಪರೀಕ್ಷಿಸುವುದಕ್ಕೆ ಒರೆಗಲ್ಲುಂಟು. ಹಾಲಿಗೆ ನೀರು ಬೆರೆತಿದೆಯೆ ಎಂಬುದನ್ನು ತಿಳಿಯುವುದಕ್ಕೂ ಉಪಕರಣವುಂಟು. ಆದರೆ ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನ ತರುಣನೊಬ್ಬನು ಮುಂದೆ ಏನಾಗುವನೆಂಬುದನ್ನು ಇಂದೇ ನಿರ್ಣಯಿಸಬೇಕಾದರೆ ಯಾವ ಒರೆಗಲ್ಲನ್ನು ತರೋಣ? ಮಗಳಿಗೆ ವರನನ್ನು ಹುಡುಕುವ ತಂದೆತಾಯಿಗಳಿಗೂ, ಕೆಲಸಕ್ಕೆ ಜನರನ್ನು ಆರಿಸುವ ಯಜಮಾನರಿಗೂ, ಹುಡುಗರಿಗೆ ಅಂಕಗಳನ್ನು ಕೊಡುವ ಉಪಾಧ್ಯಾಯರಿಗೂ ಈ ಪ್ರಶ್ನೆಯ ಕಷ್ಟ ಗೊತ್ತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೊಂದೇ ಪ್ರಶ್ನೆಗಾಗಿ ವರ್ಷವೆಲ್ಲ ದುಡಿಯುವ ಒಂದು ವೃತ್ತಿಯೇ ಬೆಳೆದಿದೆ. ಕಾಲೇಜುಗಳಲ್ಲಿ ಫುಟ್‌ಬಾಲ್ ಆಡುವ ತರುಣರನ್ನು ಪರೀಕ್ಷಿಸಿ, ಹಣಕ್ಕಾಗಿ ಆಡುವ ದೊಡ್ಡ ತಂಡಗಳಿಗೆ ಯಾರು ತಕ್ಕವರೆಂದು ಹೇಳುವುದೇ ಆ ವೃತ್ತಿ. ಅದರ ರೀತಿನೀತಿಗಳನ್ನು ತಿಳಿದರೆ ನಮ್ಮ ಮನೆಗಳಲ್ಲಿ ನಡೆಯುವ ಪರೀಕ್ಷೆಗಳಿಗೂ ಬೆಳಕು ಬೀಳುವುದು.

ಅಲ್ಲಿಯವರು ಫುಟ್‌ಬಾಲ್ ಎನ್ನುವುದು ನಮ್ಮ ಹುಡುಗರು ಬಯಲಿನಲ್ಲಿ ಒದೆದಾಡುವ ಚೆಂಡಾಟವಲ್ಲ. ಅದರ ಚೆಂಡು ಉದ್ದುದ್ದವಾಗಿ ಎರಡು ತುದಿಗಳಲ್ಲಿಯೂ ಚೂಪಾಗಿರುವುದು. ಅದನ್ನು ಕೈಯಲ್ಲಿ ಅವುಚಿಕೊಂಡು ಓಡಬಹುದು, ಎಸೆಯಬಹುದು. ಎದುರಾಳಿಗಳು ಓಡುವವನನ್ನು ಹಿಡಿದು ಕೆಡವಬಹುದು. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ. ಅಂಗಣ ನೂರು ಗಜ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರು ಪಕ್ಷದ ಪಾಲಾಗುವುದು. ಹಣಕ್ಕಾಗಿ ಆಡುವ ೩೨ ತಂಡಗಳು ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಕೂಟದಲ್ಲಿ ಸೇರಿವೆ. ಇವುಗಳಿಗೆ ಹೊಸ ಆಟಗಾರರು ದೊರೆಯುವುದು ಬಹುಮಟ್ಟಿಗೆ ಕಾಲೇಜುಗಳಿಂದಲೇ.

ಪ್ರತಿವರ್ಷವೂ ಏಪ್ರಿಲ್ ತಿಂಗಳಿನಲ್ಲಿ ಮೂರು ದಿನ ನಡೆಯುವ ಈ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು. ೨೦೨೨ರಲ್ಲಿ ಬೆಂಗಳೂರಿನಲ್ಲಿ ನಡೆದ ಐಪಿಎಲ್ ಕ್ರಿಕೆಟ್ ಹರಾಜನ್ನು ವಾಚಕರು ಬಲ್ಲರು. ಅಲ್ಲಿ ಹೆಚ್ಚು ಬೆಲೆ ಕೂಗಿದವರಿಗೆ ಆಟಗಾರನು ಸೇರುವನು. ಡ್ರಾಫ್ಟಿನಲ್ಲಿ ಕೂಗಿಲ್ಲ, ಸರದಿಯುಂಟು. ಹಿಂದಿನ ವರ್ಷ ಎಲ್ಲರಿಗಿಂತ ಹೀನವಾಗಿ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದು ಕಿರೀಟ ಧರಿಸಿದ ತಂಡಕ್ಕೆ ಕಡೆಯ ಸರದಿ. ಏಳು ಸುತ್ತುಗಳಲ್ಲಿ ಇನ್ನೂರೈವತ್ತಕ್ಕೆ ತುಸು ಮಿಕ್ಕಿ ತರುಣರು ಆರಿಸಲ್ಪಡುವರು. ಬಲಿಷ್ಠ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡರೆ ದುರ್ಬಲ ತಂಡಗಳು ಉಳಿಯಲಾರವೆಂದು ಫಿಲಡೆಲ್ಫಿಯ ನಗರದ ತಂಡದ ಒಡೆಯನಾದ ಬರ್ಟ್ ಬೆಲ್ ಎಂಬಾತನು ೧೯೩೫ರಲ್ಲಿ ಈ ಕ್ರಮವನ್ನು ಸೂಚಿಸಿದನು. ೧೯೩೬ರ ಫೆಬ್ರವರಿಯಲ್ಲಿ ಆ ನಗರದ ಹೋಟೆಲೊಂದರಲ್ಲಿ ಮೊದಲನೆಯ ಆಯ್ಕೆ ನಡೆಯಿತು.

ಆ ದಿನ ಪರೀಕ್ಷೆಯೆಂಬುದೇ ಇರಲಿಲ್ಲವೆನ್ನಬಹುದು. ಕಪ್ಪು ಹಲಗೆಯ ಮೇಲೆ ಹೆಸರುಗಳನ್ನು ಬರೆದಿದ್ದರು. ಪತ್ರಿಕೆಗಳಲ್ಲಿ ಓದಿದ್ದು, ಅವರಿವರಿಂದ ಕೇಳಿದ್ದು, ಇಷ್ಟೇ ಆಧಾರ. ಮೊಟ್ಟಮೊದಲು ಆರಿಸಲ್ಪಟ್ಟವನು ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವಾಂಗರ್. ಕಾಲೇಜು ಆಟಗಾರರಲ್ಲಿ ಶ್ರೇಷ್ಠನೆಂದು ೧೯೩೫ರಲ್ಲಿ ಪಾರಿತೋಷಕ ಪಡೆದವನು. ಆದರೆ ಸಂಬಳದ ಮಾತು ಕುದುರದೆ ಅವನು ಬೇರೆ ಉದ್ಯೋಗ ಹಿಡಿದನು. ಮೊದಲ ಡ್ರಾಫ್ಟಿನ ಮೊದಲ ಆಯ್ಕೆಯೇ ಆ ಕೂಟದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಆ ಬಳಿಕ ತಂಡಗಳು ಎಚ್ಚೆತ್ತವು. ೧೯೪೬ರಲ್ಲಿ ಲಾಸ್ ಏಂಜಲಿಸ್ ತಂಡವು ಎಡ್ಡಿ ಕೋಟಾಲ್ ಎಂಬವನನ್ನು ಇದೇ ಕೆಲಸಕ್ಕೆಂದು ನೇಮಿಸಿತು. ಈಗ ಪ್ರತಿಯೊಂದು ತಂಡಕ್ಕೂ ಊರೂರು ತಿರುಗುವ ಪರೀಕ್ಷಕರ ಒಂದು ಗಣವೇ ಇದೆ.

ಯಥಾರ್ಥಜ್ಞಾನಕ್ಕೆ ನಮ್ಮ ನ್ಯಾಯಶಾಸ್ತ್ರಜ್ಞರು ನಾಲ್ಕು ಪ್ರಮಾಣಗಳನ್ನು ಹೇಳಿರುವರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಆ ಶಾಸ್ತ್ರದ ಹೆಸರನ್ನೇ ಕೇಳದ ಅಮೆರಿಕದ ಪರೀಕ್ಷಕರು ಬಳಸುವುದೂ ಈ ನಾಲ್ಕನ್ನೇ. ಒಂದೊಂದರಲ್ಲಿಯೂ ಎಷ್ಟು ಬಲವಿದೆ, ಎಲ್ಲಿ ಮೋಸವಿದೆ ಎಂಬುದನ್ನು ನೋಡೋಣ.

ಪ್ರತ್ಯಕ್ಷವೆಂದರೆ ಕಣ್ಣಾರೆ ಕಾಣುವುದು. ಪರೀಕ್ಷಕನು ಪಂದ್ಯಗಳಿಗೆ ಹೋಗುವನು. ಚಲಚ್ಚಿತ್ರಗಳನ್ನು ಹಿಂದುಮುಂದು ತಿರುಗಿಸಿ ಮತ್ತೆ ಮತ್ತೆ ನೋಡುವನು. ಇಪ್ಪತ್ತೆರಡು ಮಂದಿಯೂ ಒಟ್ಟಿಗೆ ಕಾಣುವಂತೆ ಎತ್ತರದಿಂದ ತೆಗೆದ ಚಿತ್ರಗಳು ಅವನಿಗೆ ದೊರೆಯುವುವು. ಪ್ರೇಕ್ಷಕರ ಕಣ್ಣು ಚೆಂಡಿನ ಹಿಂದೆ ಹೋದರೆ ಪರೀಕ್ಷಕನ ಕಣ್ಣು ಚೆಂಡಿಲ್ಲದ ಕಡೆಗೆ ಹೋಗುವುದು. ಆಟವು ಮತ್ತೊಂದು ಪಕ್ಕದಲ್ಲಿ ನಡೆಯುತ್ತಿರುವಾಗ ಈ ಹುಡುಗನು ಓಡುವನೋ, ಸುಮ್ಮನೆ ನಿಲ್ಲುವನೋ? ತಂಡವು ಸೋಲುತ್ತಿರುವ ಕಡೆಯ ಗಳಿಗೆಯಲ್ಲಿ ಅವನ ಶ್ರದ್ಧೆ ಹೇಗಿದೆ? ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನದಲ್ಲಿ ನಿಂತು ಚೆಂಡನ್ನು ಎಸೆಯುವವನಾದರೆ, ಎದುರಾಳಿಗಳು ಮೇಲೆ ಬೀಳುತ್ತಿರುವಾಗ ಎರಡು ಮೂರು ಸೆಕೆಂಡುಗಳೊಳಗೆ ಅವನ ದೃಷ್ಟಿ ಎತ್ತ ಹರಿಯಿತು? ಇಂಥವನ್ನು ಅಳೆಯುವ ಯಂತ್ರವಿಲ್ಲ. ನುರಿತ ಕಣ್ಣೇ ಬೇಕು.

ಕಣ್ಣಿನ ಮಾತು ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದುದರಿಂದ ಎಲ್ಲರಿಗೂ ಒಂದೇ ಅಳತೆಯಿರಲೆಂದು ಕಂಬೈನ್ ಎಂಬ ಶಿಬಿರ ಹುಟ್ಟಿತು. ೧೯೮೨ರಲ್ಲಿ ಫ್ಲಾರಿಡ ಪ್ರಾಂತದ ಟ್ಯಾಂಪ ನಗರದಲ್ಲಿ ಮೊದಲಾದ ಇದು ೧೯೮೭ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದುಬಂದಿದೆ. ಮುನ್ನೂರಕ್ಕೂ ಮಿಕ್ಕಿ ತರುಣರನ್ನು ಅಲ್ಲಿಗೆ ಬರಮಾಡಿಕೊಳ್ಳುವರು. ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ ಎಲ್ಲವನ್ನೂ ಅಳೆಯುವರು. ೪೦ ಗಜದ ಓಟ, ನಿಂತಲ್ಲಿಂದ ಮೇಲಕ್ಕೆ ನೆಗೆತ, ಮುಂದಕ್ಕೆ ನೆಗೆತ, ೨೨೫ ಪೌಂಡುಗಳ ಭಾರವನ್ನು ಎಷ್ಟು ಬಾರಿ ಎತ್ತಬಲ್ಲನೆಂಬ ಪರೀಕ್ಷೆ, ತಿರುಗಿ ತಿರುಗಿ ಓಡುವ ಪರೀಕ್ಷೆ, ಇವೆಲ್ಲವೂ ಉಂಟು. ಎಲ್ಲಕ್ಕಿಂತಲೂ ಮುಖ್ಯವಾದುದು ವೈದ್ಯರ ತಪಾಸಣೆ. ಹಿಂದೆ ಮುರಿದ ಎಲುಬು, ಸಡಿಲವಾದ ಮೊಣಕಾಲು ಅಲ್ಲಿ ಬಚ್ಚಿಟ್ಟುಕೊಳ್ಳಲಾರವು.

ಶಬ್ದಪ್ರಮಾಣವೆಂದರೆ ನಂಬತಕ್ಕವರ ಮಾತು. ಹುಡುಗನನ್ನು ತರಬೇತು ಮಾಡಿದವರನ್ನೂ, ಪಾಠ ಹೇಳಿದವರನ್ನೂ, ಗಾಯಕ್ಕೆ ಪಟ್ಟಿ ಕಟ್ಟಿದವರನ್ನೂ ಪರೀಕ್ಷಕನು ವಿಚಾರಿಸುವನು: ಹೊತ್ತಿಗೆ ಸರಿಯಾಗಿ ಬರುವನೆ? ಕೆಳಗಿನವರೊಡನೆ ಹೇಗೆ ಮಾತನಾಡುವನು? ಆದರೆ ತನ್ನ ಶಿಷ್ಯನನ್ನು ಯಾವ ಗುರು ತಾನೆ ತೆಗಳುವನು? ಅದರಿಂದ ಒಬ್ಬರ ಮಾತಿಗೆ ನಾಲ್ವರ ಮಾತನ್ನು ಕೂಡಿಸಿ ನೋಡಬೇಕಾಗುವುದು. ತಂಡದವರು ತರುಣನನ್ನು ಎದುರಿಗೆ ಕುಳ್ಳಿರಿಸಿಕೊಂಡು ತಾವೇ ಪ್ರಶ್ನಿಸುವುದೂ ಉಂಟು. ಹನ್ನೆರಡು ನಿಮಿಷಗಳಲ್ಲಿ ಐವತ್ತು ಪ್ರಶ್ನೆಗಳಿಗೆ ಉತ್ತರ ಬರೆಯಿಸುವ ಬುದ್ಧಿಪರೀಕ್ಷೆಯೊಂದು ಬಹುಕಾಲ ಈ ಶಿಬಿರದಲ್ಲಿ ನಡೆದು, ೨೦೨೨ರಲ್ಲಿ ಕೈಬಿಡಲ್ಪಟ್ಟಿತು. ಕಾಗದದ ಮೇಲಿನ ಚುರುಕು ಅಂಗಣದ ಚುರುಕಿಗೆ ಸಾಕ್ಷಿಯಾಗದೆಂದು ಅನೇಕರು ಆ ಮೊದಲೇ ಆಡಿಕೊಂಡಿದ್ದರು.

ಉಪಮಾನವು ಹೋಲಿಕೆಯಿಂದ ಬರುವ ಜ್ಞಾನ. ‘ಈ ಹುಡುಗನು ಹಿಂದಿನ ಇಂಥ ಆಟಗಾರನಂತೆ’ ಎಂದು ಪರೀಕ್ಷಕರು ಸದಾ ಹೇಳುವರು. ಕೇಳುವವರಿಗೆ ಒಂದೇ ಮಾತಿನಲ್ಲಿ ಚಿತ್ರ ಮೂಡುವುದೆಂಬುದು ಇದರ ಪ್ರಯೋಜನ. ಆದರೆ ಹೋಲಿಸುವವನ ಮನಸ್ಸಿನಲ್ಲಿರುವ ಚಿತ್ರವೇ ಸಂಕುಚಿತವಾಗಿದ್ದರೆ ಅನ್ಯಾಯವಾಗುವುದು. ೧೯೩೪ರಿಂದ ೧೯೪೫ರವರೆಗೆ ಆ ಕೂಟದಲ್ಲಿ ಆಫ್ರಿಕ ಮೂಲದ ಒಬ್ಬ ಆಟಗಾರನಿಗೂ ಎಡೆಯಿರಲಿಲ್ಲ. ಡ್ರಾಫ್ಟಿನಲ್ಲಿ ಅಂಥವನೊಬ್ಬನನ್ನು ಮೊದಲಿಗೆ ಆರಿಸಿದುದು ೧೯೪೯ರಲ್ಲಿ. ಆಮೇಲೂ ಕ್ವಾರ್ಟರ್‌ಬ್ಯಾಕ್ ಎಂದರೆ ಬಿಳಿಯನೇ ಎಂಬ ಚಿತ್ರ ಬಹುಕಾಲ ಅಳಿಯಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಾರೆನ್ ಮೂನ್ ಎಂಬ ಕ್ವಾರ್ಟರ್‌ಬ್ಯಾಕ್ ೧೯೭೮ರ ಜನವರಿಯಲ್ಲಿ ಪ್ರಸಿದ್ಧವಾದ ರೋಸ್ ಬೌಲ್ ಪಂದ್ಯದಲ್ಲಿ ತನ್ನ ತಂಡವನ್ನು ಗೆಲ್ಲಿಸಿದ್ದರೂ, ಆ ವರ್ಷದ ಡ್ರಾಫ್ಟಿನಲ್ಲಿ ಯಾರೊಬ್ಬರೂ ಅವನನ್ನು ಆರಿಸಲಿಲ್ಲ. ಅವನು ಕೆನಡ ದೇಶಕ್ಕೆ ಹೋಗಿ ತನ್ನ ತಂಡದೊಡನೆ ಐದು ವರ್ಷ ಸತತವಾಗಿ ಅಲ್ಲಿಯ ಕಿರೀಟವನ್ನು ಗೆದ್ದನು. ೧೯೮೪ರಲ್ಲಿ ತಾಯ್ನಾಡಿನ ಕೂಟಕ್ಕೆ ಮರಳಿದನು. ೨೦೦೬ರಲ್ಲಿ ಆ ಆಟದ ಕೀರ್ತಿಮಂದಿರವನ್ನು ಸೇರಿದನು. ತಪ್ಪಿದ್ದುದು ತರುಣನಲ್ಲಿಯೋ, ತಕ್ಕಡಿಯಲ್ಲಿಯೋ? ವಾಚಕರೇ ಹೇಳಲಿ.

ಇನ್ನು ಅನುಮಾನ. ಹೊಗೆಯಿರುವಲ್ಲಿ ಬೆಂಕಿಯಿದೆ ಎಂಬುದು ಸರಿಯಾದ ಅನುಮಾನ. ‘ಇವನು ವೇಗವಾಗಿ ಓಡುವನು, ಆದುದರಿಂದ ಒಳ್ಳೆಯ ಆಟಗಾರನಾಗುವನು’ ಎಂಬುದರಲ್ಲಿ ಹೇತುವು ಅಷ್ಟು ಭದ್ರವಾದುದೆ? ೨೦೧೭ರ ಶಿಬಿರದಲ್ಲಿ ಜಾನ್ ರಾಸ್ ಎಂಬ ತರುಣನು ೪೦ ಗಜವನ್ನು ೪.೨೨ ಸೆಕೆಂಡುಗಳಲ್ಲಿ ಓಡಿದನು; ಅದುವರೆಗೆ ಅಷ್ಟು ಬೇಗ ಅಲ್ಲಿ ಯಾರೂ ಓಡಿರಲಿಲ್ಲ. ಒಂಬತ್ತನೆಯವನಾಗಿ ಆರಿಸಲ್ಪಟ್ಟನು. ಆದರೆ ಗಾಯಗಳಿಂದ ಪೀಡಿತನಾಗಿ ಎಣಿಸಿದ ಮಟ್ಟಕ್ಕೆ ಏರಲಾರದೆ ಹೋದನು. ೨೦೦೦ದಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಟಾಮ್ ಬ್ರೇಡಿ ಎಂಬಾತನು ಅದೇ ದೂರವನ್ನು ೫.೨೮ ಸೆಕೆಂಡುಗಳಲ್ಲಿ ಓಡಿದನು. ಕೃಶವಾದ ದೇಹ, ನಿಧಾನವಾದ ಕಾಲು. ಅವನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿಕೊಂಡರು. ಅವನ ಹೆಸರು ಬಂದುದು ೧೯೯ನೆಯದಾಗಿ. ಆತನು ಏಳು ಬಾರಿ ಕಿರೀಟ ಗೆದ್ದು ೨೦೨೩ರಲ್ಲಿ ನಿವೃತ್ತನಾದನು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಹೇತುವನ್ನು ಶಾಸ್ತ್ರದಲ್ಲಿ ಸವ್ಯಭಿಚಾರವೆನ್ನುವರು. ಓಟದ ವೇಗವು ಅಂಥ ಹೇತು. ಓಟವೇ ಬೇಡವೆಂದು ಇದರ ಅರ್ಥವಲ್ಲ. ತೀರ ಮಂದಗತಿಯವನು ಕೆಲವು ಸ್ಥಾನಗಳಲ್ಲಿ ನಿಲ್ಲಲಾರನು. ಕನಿಷ್ಠ ಯೋಗ್ಯತೆಯನ್ನು ತಿಳಿಸುವ ಅಳತೆಯನ್ನು ಶ್ರೇಷ್ಠತೆಯ ಅಳತೆಯೆಂದು ಭ್ರಮಿಸುವುದೇ ದೋಷ.

ಹಾಗಾದರೆ ಒಳ್ಳೆಯ ಪರೀಕ್ಷಕನ ಲಕ್ಷಣವೇನು? ಬಿಲ್ ನನ್ ಎಂಬ ಮಹನೀಯನ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಪಿಟ್ಸ್‌ಬರ್ಗ್ ನಗರದಲ್ಲಿ ಆಫ್ರಿಕ ಮೂಲದವರ ಪತ್ರಿಕೆಯೊಂದರಲ್ಲಿ ಬರಹಗಾರನಾಗಿದ್ದ ಈತನು, ಆ ಜನರಿಗಾಗಿ ಏರ್ಪಟ್ಟಿದ್ದ ಕಾಲೇಜುಗಳ ಆಟಗಾರರನ್ನು ಚೆನ್ನಾಗಿ ಬಲ್ಲವನು. ಆ ಕಾಲೇಜುಗಳತ್ತ ದೊಡ್ಡ ತಂಡಗಳು ತಿರುಗಿ ನೋಡುತ್ತಿದ್ದುದೇ ಅಪರೂಪ. ೧೯೬೦ರ ದಶಕದ ಕೊನೆಯಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವು ಈತನನ್ನು ಪರೀಕ್ಷಕನನ್ನಾಗಿ ಕರೆದುಕೊಂಡಿತು. ಅಲಬಾಮ ಪ್ರಾಂತದ ಅಂಥ ಕಾಲೇಜೊಂದರಲ್ಲಿ ಜಾನ್ ಸ್ಟಾಲ್‌ವರ್ತ್ ಎಂಬ ತರುಣನಿದ್ದನು. ಹಲವು ತಂಡಗಳ ಪರೀಕ್ಷಕರು ಒಟ್ಟಿಗೆ ಹೋಗಿ ಅವನನ್ನು ಓಡಿಸಿ ನೋಡಿದರು. ನೆಲವು ಒದ್ದೆಯಾಗಿತ್ತು, ಓಟ ಮಂದವಾಯಿತು, ಎಲ್ಲರೂ ಬರೆದುಕೊಂಡು ಹೊರಟರು. ನನ್ ಮಾತ್ರ ಮೈ ಸರಿಯಿಲ್ಲವೆಂದು ನೆಪ ಹೇಳಿ ಹಿಂದೆ ಉಳಿದನೆಂದೂ, ಒಣನೆಲದಲ್ಲಿ ಮತ್ತೊಮ್ಮೆ ಓಡಿಸಿ ನಿಜವಾದ ವೇಗವನ್ನು ಕಂಡುಕೊಂಡನೆಂದೂ ವೃತ್ತಾಂತವು ಪ್ರಸಿದ್ಧವಾಗಿದೆ. ೧೯೭೪ರ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ ಸ್ಟೀಲರ್ಸ್ ತಂಡವು ಸ್ಟಾಲ್‌ವರ್ತ್‌ನನ್ನು ಆರಿಸಿತು. ಅದೇ ವರ್ಷ ಅದು ಆರಿಸಿದವರಲ್ಲಿ ಸ್ವಾನ್, ಲ್ಯಾಂಬರ್ಟ್, ವೆಬ್‌ಸ್ಟರ್ ಸೇರಿ ನಾಲ್ವರು ಮುಂದೆ ಕೀರ್ತಿಮಂದಿರವನ್ನು ಸೇರಿದರು. ಯಾರೂ ಆರಿಸದೆ ಉಳಿದಿದ್ದ ಡಾನಿ ಶೆಲ್ ಎಂಬವನನ್ನೂ ಆ ತಂಡವೇ ಕರೆದುಕೊಂಡಿತು, ಅವನೂ ಸೇರಿದನು. ಆರು ವರ್ಷಗಳಲ್ಲಿ ತಂಡಕ್ಕೆ ನಾಲ್ಕು ಕಿರೀಟಗಳು ಬಂದವು. ನನ್ ೨೦೧೪ರಲ್ಲಿ ತೀರಿಕೊಂಡನು. ೨೦೨೧ರಲ್ಲಿ ಅವನಿಗೂ ಕೀರ್ತಿಮಂದಿರದಲ್ಲಿ ಸ್ಥಾನ ದೊರೆಯಿತು.

ಇತರರ ಕೈಯಲ್ಲಿಯೂ ಗಡಿಯಾರವಿತ್ತು, ಅವರೂ ಸುಳ್ಳು ಬರೆಯಲಿಲ್ಲ. ಅಂಕೆಯನ್ನು ಬರೆದವರು ನೆಲವನ್ನು ಬರೆಯಲಿಲ್ಲ, ಅಷ್ಟೇ. ಆದರೆ ಎಲ್ಲ ಎಚ್ಚರಿಕೆಯ ಮೇಲೂ ಅನಿಶ್ಚಯವು ಉಳಿಯುವುದು. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ಅನೇಕ ವರ್ಷಗಳ ಆಯ್ಕೆಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇವರಲ್ಲಿ ಥೇಲರ್ ೨೦೧೭ರಲ್ಲಿ ಅರ್ಥಶಾಸ್ತ್ರಕ್ಕಾಗಿ ನೊಬೆಲ್ ಪಾರಿತೋಷಕ ಪಡೆದವರು. ಒಂದೇ ಸ್ಥಾನದ ಇಬ್ಬರಲ್ಲಿ ಮೊದಲು ಆರಿಸಲ್ಪಟ್ಟವನು ಅವನ ಹಿಂದೆಯೇ ಬಂದವನಿಗಿಂತ ಉತ್ತಮನಾಗುವ ಸಂಭವವು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚೆಂದು ಅವರು ಕಂಡರು. ಆದರೂ ತಂಡಗಳು ತಮ್ಮ ಕಣ್ಣನ್ನು ಅತಿಯಾಗಿ ನಂಬಿ, ಮೊದಲ ಸರದಿಗಾಗಿ ಹಲವು ಸರದಿಗಳನ್ನು ತೆತ್ತುಬಿಡುವುವಂತೆ. ಒಂದೇ ಬೀಜವನ್ನು ನಂಬಿದ ರೈತನಿಗಿಂತ ನಾಲ್ಕು ಬೀಜಗಳನ್ನು ಬಿತ್ತಿದವನು ಜಾಣನೆಂಬುದೇ ಅವರ ಮಾತಿನ ಸಾರ.

ಇಷ್ಟೆಲ್ಲದರ ನಡುವೆ ತೂಗಿಸಿಕೊಳ್ಳುವ ತರುಣನ ಕಡೆಗೂ ನೋಡಬೇಕು. ಒಳಉಡುಪಿನಲ್ಲಿ ನಿಂತು ಅಪರಿಚಿತರ ಸಾಲುಗಳೆದುರು ಮೈಯಳತೆ ಕೊಡುವುದನ್ನು ದನದ ಜಾತ್ರೆಗೆ ಹೋಲಿಸಿ ಆ ದೇಶದವರೇ ಆಕ್ಷೇಪಿಸಿರುವರು. ಯಾವ ಊರಿನಲ್ಲಿ, ಯಾರ ಕೈಕೆಳಗೆ ದುಡಿಯಬೇಕೆಂಬುದನ್ನು ಅವನು ಆರಿಸಲಾರನು, ಸರದಿಯೇ ಆರಿಸುವುದು. ಕಾಲೇಜಿನಲ್ಲಿ ಆಡುವ ಸಾವಿರಾರು ಮಂದಿಯಲ್ಲಿ ಅಲ್ಪಭಾಗಕ್ಕೆ ಮಾತ್ರ ಈ ಭಾಗ್ಯ. ಉಳಿದವರು ನೋಯುವ ಮೊಣಕಾಲಿನೊಡನೆ ಬೇರೆ ಬದುಕನ್ನು ಹುಡುಕಬೇಕು. ಅಂಥವರ ಪಾಲಿಗೆ ಪರೀಕ್ಷಕನ ಒಂದು ಸಾಲು ಹಗುರವಾದ ಮಾತಲ್ಲ.

ನಮ್ಮ ಮನೆಗಳಲ್ಲಿಯೂ ವರ್ಷಕ್ಕೊಮ್ಮೆ ಅಂಕಪಟ್ಟಿ ಬರುವುದು. ಅದೂ ಒಂದು ಅಳತೆ. ಒಂದು ದಿನ, ಒಂದು ನೆಲದ ಮೇಲೆ ತೆಗೆದ ಅಳತೆ. ಅದನ್ನು ಅಲ್ಲಗಳೆಯುವುದು ಸಲ್ಲದು, ಅದೊಂದನ್ನೇ ನೆಚ್ಚುವುದೂ ಸಲ್ಲದು. ಹುಡುಗನಿಗೆ ಆ ದಿನ ಜ್ವರವಿತ್ತೇ? ಪಾಠ ಹೇಳಿದವರು ಅರಿಯುವಂತೆ ಹೇಳಿದ್ದರೇ? ಯಾರೂ ನೋಡದಿರುವಾಗ ಅವನು ಏನನ್ನು ಪ್ರೀತಿಯಿಂದ ಮಾಡುವನು? ಇವಿಷ್ಟನ್ನು ವಿಚಾರಿಸಿದ ಮೇಲೆ ತೀರ್ಪು ಕೊಡುವ ತಂದೆತಾಯಿಗಳು, ಒದ್ದೆ ನೆಲದ ಓಟವನ್ನು ನೋಡಿ ಎಲ್ಲರೂ ಹೊರಟುಹೋದ ಮೇಲೆಯೂ ಇನ್ನೊಂದು ದಿನ ಕಾದುನಿಂತ ಪರೀಕ್ಷಕನ ಸಾಲಿಗೆ ಸೇರುವರು.